ಆದೇಶ ಇತ್ತು, ಗೇಟು ತೆರೆಯಲಿಲ್ಲ

ಆ ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಗಿಲ ಬಳಿ ಬೆಳಕಿಗೆ ಕುಳಿತು ಫೈಲು ಹೊಲಿಯುತ್ತಿದ್ದೆ. ನಾನು ವಕೀಲರೊಬ್ಬರ ಕಚೇರಿಯಲ್ಲಿ ಗುಮಾಸ್ತ. ಹೈಕೋರ್ಟಿಗೆ ಹೋಗುವ ಕಾಗದಗಳಿಗೆ ತೂತು ಹಾಕಿ, ದಪ್ಪ ದಾರದಿಂದ ಹೊಲಿದು, ಪ್ರತಿ ಹಾಳೆಗೆ ಪುಟಸಂಖ್ಯೆ ಬರೆಯುವುದು ನನ್ನ ಕೆಲಸ. ದಬ್ಬಣ ಅವಳದು. ಜೋಳದ ಚೀಲ ಹೊಲಿಯಲು ಇಟ್ಟುಕೊಂಡದ್ದು.

"ಅದನ್ನ ಕೋರ್ಟಿಗೆ ಒಯ್ಯಬ್ಯಾಡ್ರಿ ಮತ್ತ," ಅಂದಳು. "ಹ್ವಾದ ಸಲ ಒಯ್ದದ್ದು ಇನ್ನೂ ಜಡ್ಜ್ ಸಾಹೇಬ್ರ ಕಡೇನ ಐತಿ."

ಅಷ್ಟರಲ್ಲಿ ಕಾಕಾ ಬಂದರು. ಕಾಕಾ ಇಲ್ಲಿಯ ನಮ್ಮ ಲಿಂಗಾಯತ ಸಂಘದ ಅಧ್ಯಕ್ಷರು. ಬಂದರಿನಲ್ಲಿ ಚೀಲ ಹೊತ್ತು ಹೊತ್ತು ಬಲಗಡೆಯ ಭುಜ ತಗ್ಗಿಹೋದ ಹಿರಿಯರು. ನನ್ನ ತಂದೆಯ ಜೊತೆ ಬಾಗಲಕೋಟೆ ಕಡೆಯಿಂದ ಗೋವಾಕ್ಕೆ ಬಂದವರು. ಕುಳಿತ ಕೂಡಲೇ ಅವಳು ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ನಾನು ಹೊಲಿಯುತ್ತಿದ್ದುದು ಆ ಸಂಘದ ಕೇಸಿನದೇ ಫೈಲು.

ಕೇಸಿನ ವಿಷಯ ಇಷ್ಟು. ನಮ್ಮ ಲಿಂಗಾಯತ ಮನೆಗಳಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂಡ್ರಿಸಿ ಮಣ್ಣು ಮಾಡುತ್ತಾರೆ. ನಾವಿರುವ ಗುಡ್ಡದ ವಸತಿಯಲ್ಲಾಗಲಿ ಇಡೀ ತಾಲ್ಲೂಕಿನಲ್ಲಾಗಲಿ ಅದಕ್ಕೆ ಜಾಗ ಇರಲಿಲ್ಲ. ಯಾರೇ ಹೋದರೂ ಘಟ್ಟ ಹತ್ತಿಸಿ ಊರಿಗೆ ಒಯ್ಯಬೇಕು. ಶಾಸಕರು ವಿಧಾನಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಕೇಳಿದರು. ಜಾಗ ಗುರುತಿಸಿದ್ದೇವೆ, ಬೇಗ ಹಸ್ತಾಂತರಿಸುತ್ತೇವೆ ಎಂದು ಮಂತ್ರಿಗಳು ಸದನದಲ್ಲೇ ಹೇಳಿದರು. ಅದು ಆಗದಿದ್ದಾಗ ಸಂಘ ಹೈಕೋರ್ಟಿಗೆ ಹೋಯಿತು. ನಿಗದಿತ ಅವಧಿಯೊಳಗೆ ಜಾಗ ಕೊಡಿ ಎಂದು ಕೋರ್ಟು ಹೇಳಿತು. ಅವಧಿ ಮುಗಿದಾಗ ಸರ್ಕಾರ ಇನ್ನಷ್ಟು ಸಮಯ ಕೇಳಿತು, ಕೋರ್ಟು ಕೊಟ್ಟಿತು. ಅಳತೆ ಆಯಿತು. ಮೂಲೆಗಳಲ್ಲಿ ಕಲ್ಲು ನೆಟ್ಟರು, ಕಬ್ಬಿಣದ ಗೇಟು ನಿಲ್ಲಿಸಿದರು, ರುದ್ರಭೂಮಿಗೆ ಕಾಯ್ದಿರಿಸಿದ ಜಾಗ ಎಂದು ಬೋರ್ಡು ಬರೆಸಿದರು. ಗೇಟಿಗೆ ಕೀಲಿ ಹಾಕಿದರು. ಅಲ್ಲಿಗೆ ನಿಂತಿತ್ತು. ಪ್ರಕರಣ ಇನ್ನೂ ನಡೆಯುತ್ತಿರುವುದರಿಂದ ತಾಲ್ಲೂಕಿನ ಹೆಸರು ಬರೆಯುತ್ತಿಲ್ಲ.

"ಈ ಸಲ ಕೊಟ್ಟ ಬಿಡ್ತಾರೇನೋ ತಮ್ಮಾ?" ಎಂದು ಕಾಕಾ ಕೇಳಿದರು.

"ಕೊಡಬೇಕ್ರಿ. ಆದೇಶ ಐತಿ."

"ಕೊಡಲಿ. ನನ್ನ ಮಾತ್ರ ಊರಿಗೆ ಒಯ್ಯಬ್ಯಾಡ್ರಿ. ಬಂದರು ಕಾಣೂವಂಗ ಕೂಡ್ರಸ್ರಿ. ಯಾವ ಹಡಗ ಬಂತು, ಯಾವ ಹಡಗ ಹೋತು, ಲೆಕ್ಕ ಇಡತೇನಿ."

"ನನ್ನೂ ಒಯ್ಯಬ್ಯಾಡ್ರಿ," ಅಂದಳು ನನ್ನ ಹೆಂಡತಿ, ಹಂಚಿನ ಮೇಲಿನ ರೊಟ್ಟಿ ತಿರುವುತ್ತಾ. "ಆ ಘಟ್ಟದಾಗ ನನಗ ವಾಂತಿ ಬರ್ತೈತಿ."

ಮೂವರೂ ನಕ್ಕೆವು. ಆಮೇಲೆ ಅವಳು ಒಲೆಯ ಕಡೆಗೇ ಮುಖ ಮಾಡಿಕೊಂಡು, "ನಗಚಾಟಿಗಿ ಅಲ್ರಿ, ಖರೇನ. ಇಲ್ಲೇ ಇದ್ರ ಮಗಳು ದೀಪ ಹಚ್ಚಾಕರ ಬರತಾಳ," ಅಂದಳು.

ಮರುದಿನ ಮಧ್ಯಾಹ್ನ ರೊಟ್ಟಿಯ ಬುಟ್ಟಿ ಹೊತ್ತು ಕೂಲಿಗಳ ಬಾಡಿಗೆ ಖೋಲಿಗಳಲ್ಲಿ ಮಾರಲು ಗುಡ್ಡ ಇಳಿಯುವಾಗ ಅವಳು ಕುಸಿದು ಕುಳಿತಳು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು ಎಂದು ಡಾಕ್ಟರು ಹೇಳಿದರು. ಶವಾಗಾರದಲ್ಲಿ ಇಡುತ್ತೀರಾ ಎಂದು ನರ್ಸ್ ಕೇಳಿದರು. ನಾನು ಬೇಡ ಅಂದೆ. ಅಲ್ಲಿ ಅಂಗಾತ ಮಲಗಿಸುತ್ತಾರೆ. ಮೈ ಸೆಟೆದರೆ ಮತ್ತೆ ಕೂಡ್ರಿಸಲು ಬರುವುದಿಲ್ಲ.

ಮನೆಗೆ ತಂದ ಕೂಡಲೇ ಹೆಂಗಸರು ಮೈ ತೊಳೆದರು. ಕಾಲು ಮಡಚಿ, ಗೋಡೆಗೆ ಆನಿಸಿ, ಎದೆಗೆ ಸೀರೆ ಸುತ್ತಿ ಗೋಡೆಯ ಗೂಟಕ್ಕೆ ಕಟ್ಟಿ ಕೂಡ್ರಿಸಿದರು. ಹಣೆಗೆ ವಿಭೂತಿ ಹಚ್ಚಿದರು. ಮಗಳು ಔಷಧ ಅಂಗಡಿಯ ಕೆಲಸದಿಂದ ಓಡಿ ಬಂದವಳು ತಾಯಿಯ ಪಕ್ಕದಲ್ಲಿ ಅದೇ ಗೋಡೆಗೆ ಆನಿಸಿ ಕುಳಿತುಬಿಟ್ಟಳು.

ಅಯ್ಯನೋರು ಬಂದು ನೋಡಿ ನನ್ನನ್ನು ಹೊರಗೆ ಕರೆದರು. ನಮ್ಮಲ್ಲಿ ಹುಟ್ಟಿಗೂ ಸಾವಿಗೂ ಅವರೇ ವಿಧಿ ನಡೆಸುವವರು.

"ನಾಳೆ ಹೊತ್ತ ಮುಳುಗೂದ್ರಾಗ ಮಣ್ಣ ಆಗಬೇಕ್ರಿ," ಎಂದರು. "ಇಲ್ಲಿ ಹವಾ ಛಲೋ ಇಲ್ಲ. ಶರೀರ ತಡಿಯೂದಿಲ್ಲ. ಊರಿಗೆ ಹೊಂಡೂದಿದ್ರ ಈಗ ಹೊಂಡ್ರಿ."

ಆಗ ಮಗಳು ಒಳಗಿನಿಂದಲೇ ಹೇಳಿದಳು: "ಅವ್ವ ಇಲ್ಲೇ ಅಂದಿದ್ಲು, ಅಪ್ಪಾ."

ಕಾಕಾ ನನ್ನ ಮುಖ ನೋಡಿದರು. ನಾನು ಆದೇಶದ ಬಗ್ಗೆ ಯೋಚಿಸುತ್ತಿದ್ದೆ. ಜಾಗ ಇದೆ, ಗೇಟು ಇದೆ, ಬೋರ್ಡು ಇದೆ. ಕೋರ್ಟಿನ ಮುಂದೆ ತುರ್ತಾಗಿ ಹೇಳಿಕೊಂಡರೆ ಒಂದು ದಿನದ ಮಟ್ಟಿಗೆ ಬೀಗ ತೆಗೆಸಬಹುದು. ಬೇರೆಯವರಿಗಾಗಿ ಇಂಥ ತುರ್ತು ಅರ್ಜಿಗಳನ್ನು ನಾನು ಎಷ್ಟೋ ಬಾರಿ ಓಡಾಡಿ ಹಾಕಿಸಿದ್ದೆ. ನಮ್ಮ ಕಚೇರಿಯ ವಕೀಲರಾದ ಮೇಡಂಗೆ ಫೋನ್ ಮಾಡಿದೆ. ಅವರು ಗೋವಾದವರೇ, ನನ್ನ ಜೊತೆ ಹಿಂದಿಯಲ್ಲಿ ಮಾತಾಡುತ್ತಾರೆ. "ಬೆಳಿಗ್ಗೆ ಹೇಳೋಣ. ನೀವು ಬರಬೇಡಿ, ಬೇರೆಯವರನ್ನು ಕಳಿಸಿ," ಎಂದರು.

ಬೇರೆಯವರಿಗೆ ಆ ಫೈಲು ಗೊತ್ತಿರಲಿಲ್ಲ. ಅರ್ಜಿಯನ್ನು ನಾನೇ ಟೈಪ್ ಮಾಡಿದೆ. ಮೃತರ ಹೆಸರು, ವಯಸ್ಸು, ಅರ್ಜಿದಾರರಿಗೆ ಏನಾಗಬೇಕು ಎಂದು ಬರೆಯುವಲ್ಲಿ ಕೈ ನಿಂತಿತು. ಆಮೇಲೆ ಅದನ್ನೂ ಬರೆದೆ.

ಐಸು ಬೇಕಾಗಿತ್ತು. ಹತ್ತಿರ ಸಿಗುವುದು ಮೀನಿನ ದೋಣಿಗಳಿಗೆ ಐಸು ಕೊಡುವ ಕಾರ್ಖಾನೆಯಲ್ಲಿ ಮಾತ್ರ. ಕಾಕಾ ಗಾಡಿಯಲ್ಲಿ ಹೇರಿಕೊಂಡು ಬಂದರು. ಅಯ್ಯನೋರು ಮುಖ ಸಣ್ಣದು ಮಾಡಿದರು.

"ಮೀನದ್ದೇನ್ರಿ ಇದು?"

"ಐಸಿಂದ್ರಿ ಅಯ್ಯನೋರ," ಎಂದು ಕಾಕಾ ಚೀಲ ಬಿಚ್ಚುತ್ತಾ ಹೇಳಿದರು. "ನೀರ ಹೆಪ್ಪುಗಟ್ಟಿದ್ದು. ಅದಕ್ಕ ಇನ್ನೂ ದೀಕ್ಷಾ ಆಗಿಲ್ಲ."

ಅವಳಿದ್ದಿದ್ದರೆ ನಗುತ್ತಿದ್ದಳು. ಅವಳ ಸುತ್ತ ಐಸಿನ ಬೋಗುಣಿಗಳನ್ನು ಇಟ್ಟೆವು. ಕಾಕಾ ಒಂದು ದಾರ ತೆಗೆದು ಅವಳ ಪಾದದ ಅಳತೆ ತೆಗೆದುಕೊಂಡರು. ಕುಣಿಯನ್ನು ಸತ್ತವರ ಪಾದದ ಅಳತೆಯಿಂದಲೇ ತೋಡುವುದು ನಮ್ಮ ಪದ್ಧತಿ. ಇಷ್ಟು ಪಾದ ಉದ್ದ, ಇಷ್ಟು ಪಾದ ಅಗಲ, ಒಂದು ಪಕ್ಕದಲ್ಲಿ ಕೂಡ್ರಿಸಲು ಗೂಡು. ಗೋವಾದ ಕೆಂಪು ಕಲ್ಲಿನ ನೆಲದಲ್ಲಿ ಅದನ್ನು ತೋಡಲು ಅರ್ಧ ದಿನವಾದರೂ ಬೇಕು.

ಬೆಳಿಗ್ಗೆ ಕೋರ್ಟು ಕುಳಿತ ಕೂಡಲೇ ಮೇಡಂ ಎದ್ದು ನಿಂತು ವಿಷಯ ಹೇಳಿದರು. ನಾನು ಹಿಂದಿನ ಬೆಂಚಿನ ಪಕ್ಕದಲ್ಲಿ ಗೋಡೆಗೆ ಒತ್ತಿ ನಿಂತಿದ್ದೆ. ಇಬ್ಬರು ನ್ಯಾಯಮೂರ್ತಿಗಳು ಅರ್ಜಿ ಓದಿದರು. ಸರ್ಕಾರಿ ವಕೀಲರನ್ನು ಕೇಳಿದರು. ಅವರು ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದು, ಸರ್ಕಾರದ ಆಕ್ಷೇಪವೇನೂ ಇಲ್ಲ ಎಂದರು. ಹಿರಿಯ ನ್ಯಾಯಮೂರ್ತಿಗಳು ಅಲ್ಲೇ ಆದೇಶ ಬರೆಯಿಸಿದರು: ಮಾಮಲೇದಾರರು ಇಂದೇ ಆ ಜಾಗದಲ್ಲಿ ಅಂತ್ಯಕ್ರಿಯೆಗೆ ಅನುವು ಮಾಡಿಕೊಡಬೇಕು. ಮಾಮಲೇದಾರ ಅಂದರೆ ಗೋವಾದಲ್ಲಿ ತಹಶೀಲ್ದಾರ. ದೃಢೀಕರಿಸಿದ ನಕಲಿಗೆ ಕಾಯಬೇಕಾಗಿಲ್ಲ, ಸಹಿ ಮಾಡಿದ ಪ್ರತಿಯ ಮೇಲೆ ಕ್ರಮ ಕೈಗೊಳ್ಳಿ ಎಂದೂ ಸೇರಿಸಿದರು. ಇದಕ್ಕಿಂತ ಹೆಚ್ಚಿಗೆ ಯಾವ ನ್ಯಾಯಾಲಯವೂ ಏನೂ ಮಾಡಲಾರದು. ಅದನ್ನು ಈಗಲೂ ಹೇಳುತ್ತೇನೆ.

ಸಹಿಯ ಪ್ರತಿ ಕೈಗೆ ಬಂದಾಗ ಊಟದ ಹೊತ್ತು ಆಗುತ್ತ ಬಂದಿತ್ತು. ಕಾಕಾಗೆ ಫೋನ್ ಮಾಡಿದೆ. ಅವರು ಆಗಲೇ ಹಾರೆ, ಗುದ್ದಲಿ, ಆಳುಗಳನ್ನು ಕರೆದುಕೊಂಡು ಗೇಟಿನ ಬಳಿ ನಿಂತಿದ್ದರು.

ಮಾಮಲೇದಾರರು ಒಳ್ಳೆಯ ರೀತಿಯಿಂದಲೇ ಕೂಡ್ರಿಸಿದರು. ನೀರು ತರಿಸಿ ಕೊಟ್ಟರು. ಆದೇಶವನ್ನು ಎರಡು ಸಲ ಓದಿದರು.

"ಕೋರ್ಟಿನ ಮಾತು ಮೀರುವ ಪ್ರಶ್ನೆಯೇ ಇಲ್ಲ," ಎಂದರು ಹಿಂದಿಯಲ್ಲಿ. "ಆದರೆ ಜಾಗ ಈಗ ನನ್ನ ತಾಬೆಯಲ್ಲಿಲ್ಲ. ಕಾಂಪೌಂಡ್ ಗೋಡೆ ಕಟ್ಟಲು ಕಾಮಗಾರಿ ವಿಭಾಗಕ್ಕೆ ವಹಿಸಿದ್ದೇವೆ. ಕೀಲಿಕೈ ಅವರಲ್ಲಿದೆ."

"ಆದೇಶ ನಿಮಗೇ ಇದೆ ಸರ್."

"ಹೌದು. ಅದಕ್ಕೇ ಅವರಿಗೆ ಈಗಲೇ ಪತ್ರ ಬರೆಯುತ್ತೇನೆ."

ಬರೆದರು. ನನ್ನೆದುರೇ ಸಹಿ ಮಾಡಿದರು. ನಾನು ಅದನ್ನು ಹಿಡಿದು ಕಾಮಗಾರಿ ವಿಭಾಗಕ್ಕೆ ಹೋದೆ. ಅಲ್ಲಿಯ ಎಂಜಿನಿಯರು ಕೀಲಿಕೈ ಗುತ್ತಿಗೆದಾರನ ಬಳಿ ಇದೆ ಎಂದರು. ಗುತ್ತಿಗೆದಾರನಿಗೆ ಅವರೇ ಫೋನ್ ಮಾಡಿದರು. ಅವನು ಕೆಪೆ ತಾಲ್ಲೂಕಿನಲ್ಲಿ ಇನ್ನೊಂದು ಕೆಲಸದ ಮೇಲಿದ್ದ. ಆಳಿನ ಕೈಯಲ್ಲಿ ಕಳಿಸುತ್ತೇನೆ ಅಂದ. ಅಷ್ಟರಲ್ಲಿ ಮಾಮಲೇದಾರರ ಕಚೇರಿಯಿಂದ ನನಗೆ ಫೋನು ಬಂತು. ಹತ್ತಿರದ ವಾಡೆಯವರು, ಅಂದರೆ ಕೇರಿಯವರು, ಬಾವಿಯ ನೀರು ಕೆಡುತ್ತದೆ ಎಂದು ಹಿಂದೊಮ್ಮೆ ತಕರಾರು ಕೊಟ್ಟಿದ್ದರು, ಗಲಾಟೆಯಾಗದಂತೆ ಪೊಲೀಸರು ಬೇಕು, ಠಾಣೆಗೆ ಹೋಗಿ ಎಂದು.

ಠಾಣೆಯಲ್ಲಿ ಇನ್ಸ್‌ಪೆಕ್ಟರು ಸಿಬ್ಬಂದಿ ಕೊಡಲು ಸಿದ್ಧರಿದ್ದರು. ಉಪಜಿಲ್ಲಾಧಿಕಾರಿಗಳ ಬರಹದ ಕೋರಿಕೆ ಬೇಕು ಎಂದರು ಅಷ್ಟೆ. ಉಪಜಿಲ್ಲಾಧಿಕಾರಿಗಳು ಕಚೇರಿಯಲ್ಲಿರಲಿಲ್ಲ. ಎಲ್ಲಿದ್ದಾರೆ ಎಂದು ಅವರ ಗುಮಾಸ್ತನನ್ನು ಕೇಳಿದೆ. ವಿಧಾನಸಭೆಯ ಅಧಿವೇಶನ ನಡೆದಿತ್ತು. ಅಂದು ನಮ್ಮ ಶಾಸಕರ ಪ್ರಶ್ನೆ ಮತ್ತೆ ಬಂದಿತ್ತು. ಮಂತ್ರಿಗಳಿಗೆ ವಿವರ ಬೇಕಾಗಬಹುದು ಎಂದು ಇವರನ್ನು ಅಧಿಕಾರಿಗಳ ಗ್ಯಾಲರಿಯಲ್ಲಿ ಕೂಡ್ರಿಸಿಕೊಂಡಿದ್ದರು. ಪ್ರಶ್ನೆ ನಮ್ಮ ರುದ್ರಭೂಮಿಯದೇ. ಒಳಗೆ ಫೋನು ಒಯ್ಯುವಂತಿಲ್ಲ.

ನಾನು ಆದೇಶವನ್ನು ಅವನ ಮೇಜಿನ ಮೇಲಿಟ್ಟೆ. ಅವನೂ ನನ್ನ ಹಾಗೆ ಗುಮಾಸ್ತ. ಆದೇಶದ ಮೇಲೆ ಸ್ವೀಕೃತಿಯ ಮುದ್ರೆ ಒತ್ತಿ ಕೊಟ್ಟು, "ಫಾಲ್ಯಾಂ ಸಕಾಳಿಂ ಖಂಡಿತ," ಎಂದ. ನಾಳೆ ಬೆಳಿಗ್ಗೆ ಖಂಡಿತ. ಪಕ್ಕದ ಮೇಜಿನಾತ ತಲೆ ಎತ್ತಿ, "ಹಿಂದೂಗಳೇ ಅಲ್ಲವಾ ನೀವು? ಸುಟ್ಟುಬಿಡಬಹುದಲ್ಲ. ಸ್ಮಶಾನದಲ್ಲಿ ಎಲ್ಲ ವ್ಯವಸ್ಥೆ ಇದೆ," ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

ಅಂದು ಯಾರೂ ನನಗೆ ಇಲ್ಲ ಅನ್ನಲಿಲ್ಲ. ಇಲ್ಲ ಅಂದಿದ್ದರೆ ಅದನ್ನು ಹಿಡಿದುಕೊಂಡು ಮತ್ತೆ ಕೋರ್ಟಿಗೆ ಹೋಗಬಹುದಿತ್ತು. ಪ್ರತಿಯೊಬ್ಬರೂ ಆದೇಶವನ್ನು ಗೌರವದಿಂದ ಓದಿ, ತಮ್ಮ ಪಾಲಿನ ಸಣ್ಣ ಕೆಲಸ ಮಾಡಿ, ನನ್ನನ್ನು ಮುಂದಿನ ಬಾಗಿಲಿಗೆ ಕಳಿಸಿದರು. ಮಧ್ಯೆ ಮಧ್ಯೆ ಮಗಳ ಫೋನು ಬರುತ್ತಿತ್ತು. "ಐಸ್ ಕರಗಾಕತ್ತೈತಿ ಅಪ್ಪಾ. ಎಲ್ಲಿದ್ದೀ?"

ನಾನು ಗೇಟಿನ ಬಳಿ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಕೀಲಿಕೈ ಬಂದಿರಲಿಲ್ಲ. ಗುತ್ತಿಗೆದಾರನ ಆಳು ಯಾವುದೋ ಬಸ್ಸಿನಲ್ಲಿದ್ದಾನೆ ಎಂಬ ಸುದ್ದಿ ಮಾತ್ರ ಇತ್ತು. ನಮ್ಮ ವಸತಿಯ ಗಂಡಸರೆಲ್ಲ ಹಾರೆ ಹಿಡಿದು ರಸ್ತೆಯ ಬದಿಗೆ ಕುಳಿತಿದ್ದರು. ಆಚೆಗೆ ವಾಡೆಯ ಕೆಲವರು ನಿಂತು ನೋಡುತ್ತಿದ್ದರು. ಒಬ್ಬ ಪೇದೆ ಬಂದಿದ್ದ, ಬರಹದ ಕೋರಿಕೆ ಇಲ್ಲದೆ ಬಂದವನು.

"ಕೋರ್ಟ್ ಹುಕುಂ ಐತಿ ಇಲ್ಲ?" ಕಾಕಾ ಕೇಳಿದರು.

"ಐತ್ರಿ."

"ಹಂಗಾರ ಕೀಲಿ ಒಡಿಯೂದ. ಎರಡ ಏಟಿನ ಕೆಲಸ. ಹೊತ್ತ ಮುಳುಗೂದ್ರಾಗ ಅಷ್ಟಿಷ್ಟ ತೋಡತೇವಿ. ಉಳಿದದ್ದ ಬ್ಯಾಟರಿ ಹಿಡಕೊಂಡ ತೋಡತೇವಿ. ಅಯ್ಯನೋರ್ನ ನಾ ಒಪ್ಪಸ್ತೇನಿ."

ಪೇದೆ ನಮ್ಮ ಮಾತು ಕೇಳುತ್ತಿದ್ದ. ಕನ್ನಡ ತಿಳಿಯುತ್ತಿತ್ತೋ ಇಲ್ಲವೋ, ವಿಷಯ ತಿಳಿಯಿತು. ಟೊಪ್ಪಿಗೆ ಸರಿಮಾಡಿಕೊಂಡು, "ನಾನು ಚಹಾ ಕುಡಿದು ಬರುತ್ತೇನೆ. ಅಂಗಡಿ ದೂರ ಇದೆ," ಎಂದು ಹಿಂದಿಯಲ್ಲಿ ಹೇಳಿ, ನಡೆಯುತ್ತ ಹೋದ. ಹಿಂತಿರುಗಿ ನೋಡಲಿಲ್ಲ.

ಎಲ್ಲರೂ ನನ್ನ ಕಡೆಗೆ ನೋಡಿದರು. ಮೇಡಂಗೆ ಫೋನ್ ಮಾಡಿದೆ. "ಬಾಗಿಲು ತೆರೆಯಿರಿ ಎಂದು ಕೋರ್ಟು ಹೇಳಿದ್ದು ಅಧಿಕಾರಿಗೆ, ನಿಮಗಲ್ಲ," ಎಂದರು. "ಒಡೆಯಿರಿ ಎಂದು ನಾನು ಹೇಳಲಾರೆ. ಬೇಡ ಎಂದು ಇವತ್ತು ನಿಮಗೆ ಹೇಳುವ ಬಾಯಿಯೂ ನನಗಿಲ್ಲ."

ನನ್ನ ತಲೆಯಲ್ಲಿ ಬೇರೊಂದು ಭಯ ಓಡುತ್ತಿತ್ತು. ಕೀಲಿ ಒಡೆದು ಮಣ್ಣು ಕೊಟ್ಟೆವು ಎಂದಿಟ್ಟುಕೊಳ್ಳೋಣ. ನಾಳೆ ವಾಡೆಯವರು ದೂರು ಕೊಡುತ್ತಾರೆ. ಹಸ್ತಾಂತರ ಆಗದ ಸರ್ಕಾರಿ ಜಾಗದಲ್ಲಿ ಅತಿಕ್ರಮಣ ಎಂದು ಸರ್ಕಾರ ಬರೆಯುತ್ತದೆ. ಇಷ್ಟು ವರ್ಷ ತಡಮಾಡಿದವರು ಆಗ ತಡಮಾಡುವುದಿಲ್ಲ. ಹೂತ ದೇಹವನ್ನು ಪಂಚರ ಮುಂದೆ ಹೊರಗೆ ತೆಗೆಸಿದ ಬೇರೊಂದು ಪ್ರಕರಣದ ಕಾಗದಗಳನ್ನು ನಾನೇ ಹೊಲಿದಿದ್ದೆ. ಅದರಲ್ಲಿ ಫೋಟೋಗಳಿದ್ದವು. ಅವುಗಳಿಗೂ ಪುಟಸಂಖ್ಯೆ ಬರೆದಿದ್ದೆ.

"ಬ್ಯಾಡ್ರಿ ಕಾಕಾ," ಅಂದೆ.

"ಯಾಕೋ?"

"ಹೊರಗ ತೆಗಸ್ತಾರ್ರಿ ಅಕಿನ್ನ."

ಕಾಕಾ ಹಾರೆಯನ್ನು ನೆಲಕ್ಕೆ ಹಾಕಿದರು. ಆಮೇಲೆ ಅಲ್ಲೇ ಕುಳಿತು ಊರಿಗೆ ಫೋನ್ ಹಚ್ಚಿ, ನನ್ನ ತಮ್ಮನಿಗೆ ಅವಳ ಪಾದದ ಅಳತೆಯನ್ನು ಗೇಣು, ಬೆರಳಿನ ಲೆಕ್ಕದಲ್ಲಿ ಹೇಳಿದರು. "ಒಂದ ಗೇಣು, ಮ್ಯಾಲ ಒಂದ ಬೆರಳ. ಹೆಣ್ಮಗಳ ಪಾದ, ತಿಳೀತಿಲ್ಲ? ದೊಡ್ಡದ ತೋಡಬ್ಯಾಡ."

ಮನೆಗೆ ಬಂದು ಹೇಳಿದಾಗ ಮಗಳು ಜಗಳ ಮಾಡಲಿಲ್ಲ. "ಕೋರ್ಟಿನ್ಯಾಗ ಗೆದ್ವಿ ಅಂದ್ಯಲ್ಲ," ಎಂದಳು. ನಾನು ಹೌದು ಅಂದೆ. "ಗೆದ್ದ ಮ್ಯಾಲೂ ಒಯ್ಯಬೇಕೇನು?" ಎಂದಳು. ನಾನು ಆಂಬ್ಯುಲೆನ್ಸಿಗೆ ಫೋನ್ ಹಚ್ಚಿದೆ.

ಆಂಬ್ಯುಲೆನ್ಸಿನವನು ಸ್ಟ್ರೆಚರಿನ ಮೇಲೆ ಮಲಗಿಸಿದರೆ ಮಾತ್ರ ಒಯ್ಯುತ್ತೇನೆ ಎಂದ. ಹಾಗಾಗಿ ಕ್ರೂಸರ್ ಗಾಡಿ ಹಿಡಿದೆವು. ನಡುವಿನ ಸೀಟಿನಲ್ಲಿ ಅವಳನ್ನು ಕೂಡ್ರಿಸಿ, ಸೀರೆಯಿಂದ ಕಟ್ಟಿ, ತಲೆಯ ಮೇಲೆ ಶಾಲು ಹೊದಿಸಿದೆವು. ಒಂದು ಪಕ್ಕಕ್ಕೆ ನಾನು, ಇನ್ನೊಂದು ಪಕ್ಕಕ್ಕೆ ಮಗಳು. ಮುಂದೆ ಕಾಕಾ ಮತ್ತು ಅಯ್ಯನೋರು. ಹೊತ್ತು ಮುಳುಗುವಾಗ ಗಾಡಿ ಹೊರಟಿತು, ಕತ್ತಲಲ್ಲಿ ಘಟ್ಟ ಏರಿತು. ಪ್ರತಿ ತಿರುವಿನಲ್ಲಿ ಅವಳ ಭಾರ ಒಮ್ಮೆ ನನ್ನ ಮೇಲೆ, ಒಮ್ಮೆ ಮಗಳ ಮೇಲೆ ಬರುತ್ತಿತ್ತು. ಚಾಲಕನಿಗೆ ಮಗಳು ಪದೇ ಪದೇ ಹೇಳುತ್ತಿದ್ದಳು: "ಸಾವಕಾಶ ಹೋಗ್ರಿ ಅಣ್ಣಾ. ಅವ್ವಗ ತ್ರಾಸ ಆಗತೈತಿ."

ಕರ್ನಾಟಕದ ಗಡಿ ನಾಕಾದಲ್ಲಿ ಒಬ್ಬ ಪೇದೆ ಬ್ಯಾಟರಿ ಹಾಕಿ ಒಳಗೆ ನೋಡಿದ. ನಾನು ಆಸ್ಪತ್ರೆಯ ಕಾಗದ ತೆಗೆಯುತ್ತಿದ್ದೆ. ಅಷ್ಟರಲ್ಲೇ ಅವನು, "ಅಕ್ಕಾರಿಗೆ ಆರಾಮಿಲ್ಲೇನ್ರಿ? ಕಿಟಕಿ ತಗೀರಿ, ಗಾಳಿ ಆಡ್ಲಿ," ಎಂದು ಹೇಳಿ ಮುಂದೆ ಬಿಟ್ಟ. ಮಗಳು ಕಿಟಕಿ ತೆರೆದಳು. ಊರು ಮುಟ್ಟುವ ತನಕ ಅದನ್ನು ಮುಚ್ಚಲು ಬಿಡಲಿಲ್ಲ.

ಊರಲ್ಲಿ ಕುಣಿ ಸರಿಯಾಗಿ ತೋಡಿದ್ದರು. ಬೆಳಿಗ್ಗೆ ಮಣ್ಣು ಕೊಟ್ಟೆವು. ಹೊತ್ತು ಮುಳುಗುವುದರೊಳಗೆ ಎಂಬ ಮಾತು ತಪ್ಪಿತ್ತು.

ಕೆಲಸಕ್ಕೆ ಮರಳಿದ ಮೇಲೆ ಮೇಡಂ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದರು. ಆ ಫೈಲನ್ನು ಬೇರೆಯವರಿಗೆ ಕೊಡುತ್ತೇನೆ ಎಂದರು. ನಾನೇ ನೋಡಿಕೊಳ್ಳುತ್ತೇನೆ ಎಂದೆ. ಮಾಮಲೇದಾರರು ಅಫಿಡವಿಟ್ ಕೊಟ್ಟರು. ಕೌಂಟರಿನಲ್ಲಿ ಅದನ್ನು ಪಡೆದು ಅಲ್ಲೇ ನಿಂತು ಓದಿದೆ. ಆದೇಶ ಬಂದ ಕೂಡಲೇ ಕಾಮಗಾರಿ ವಿಭಾಗಕ್ಕೆ ಪತ್ರ ಬರೆಯಲಾಯಿತು, ಪೊಲೀಸ್ ಬಂದೋಬಸ್ತಿಗೆ ಕ್ರಮ ಜರುಗಿಸಲಾಯಿತು, ಅಷ್ಟರಲ್ಲಿ ಸಂಬಂಧಿಕರು ಮೃತದೇಹವನ್ನು ತಾವಾಗಿಯೇ ಬೇರೆಡೆಗೆ ಒಯ್ದದ್ದರಿಂದ ಆದೇಶ ಪಾಲಿಸುವ ಸಂದರ್ಭ ಉಳಿಯಲಿಲ್ಲ ಎಂದು ಬರೆದಿದ್ದರು. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಪುಟಸಂಖ್ಯೆ ಬರೆದು ಫೈಲಿಗೆ ಸೇರಿಸಿದೆ.

ಕೋರ್ಟು ಅಸಮಾಧಾನ ವ್ಯಕ್ತಪಡಿಸಿತು. ಅಧಿಕಾರಿ ಕ್ಷಮೆ ಕೇಳಿದರು. ಬೇಕೆಂದು ಮಾಡಿದ್ದಲ್ಲ ಎಂದು ಕೋರ್ಟು ಅದನ್ನು ಒಪ್ಪಿಕೊಂಡು, ಜಾಗ ಹಸ್ತಾಂತರಿಸಲು ಹೊಸ ಅವಧಿ ಕೊಟ್ಟಿತು. ಆ ಅವಧಿಯೊಳಗೆ ಅವರಿಗೆ ವರ್ಗವಾಯಿತು. ಹೊಸದಾಗಿ ಬಂದವರು ಫೈಲು ಓದಲು ಸಮಯ ಕೇಳಿದರು.

ವಿಧಾನಸಭೆಯ ಭರವಸೆಗಳ ಸಮಿತಿ ಜಾಗ ನೋಡಲು ಬಂತು. ಮಂತ್ರಿಗಳು ಸದನದಲ್ಲಿ ಕೊಟ್ಟ ಮಾತು ನಡೆಯಿತೋ ಇಲ್ಲವೋ ಎಂದು ನೋಡುವುದೇ ಅವರ ಕೆಲಸ. ಸಂಘದ ಪರವಾಗಿ ಕಾಕಾ ಮತ್ತು ನಾನು ಹೋಗಿದ್ದೆವು. ಸದಸ್ಯರು ಬೋರ್ಡನ್ನು ನೋಡಿದರು, ಗೋಡೆಯ ಪಾಯ ನೋಡಿದರು, ಗೇಟಿನ ಹೊರಗೆ ನಿಂತು ಪ್ರಶ್ನೆ ಕೇಳಿದರು. ಒಬ್ಬರು ಸಿಟ್ಟಿನಿಂದಲೇ ಕೇಳಿದರು. ಅಧಿಕಾರಿಗಳು ಎಲ್ಲದಕ್ಕೂ ತಲೆಬಾಗಿ ಉತ್ತರ ಕೊಟ್ಟರು.

"ಒಳಗ ಹೋಗಿ ನೋಡ್ರಿ ಸಾಹೇಬ್ರ," ಎಂದು ಕಾಕಾ ಕನ್ನಡದಲ್ಲೇ ಅಂದರು.

ಅಂದೂ ಕೀಲಿಕೈ ಯಾರ ಬಳಿಯೂ ಇರಲಿಲ್ಲ.

ನಾನು ಈಗಲೂ ಅದೇ ಕೆಲಸ ಮಾಡುತ್ತಿದ್ದೇನೆ. ಕೋರ್ಟಿನ ಮೇಲೆ ನನಗೆ ಸಿಟ್ಟಿಲ್ಲ, ಶಾಸಕರ ಮೇಲೂ ಇಲ್ಲ. ಅವರು ಕೇಳಬೇಕಾದ್ದನ್ನು ಕೇಳಿದರು, ಹೇಳಬೇಕಾದ್ದನ್ನು ಹೇಳಿದರು. ಕೇಳಿದ ಮೇಲೆ, ಹೇಳಿದ ಮೇಲೆ, ಒಬ್ಬ ಮನುಷ್ಯ ಎದ್ದು ಹೋಗಿ ಬೀಗ ತೆಗೆಯಬೇಕು. ಆ ಮನುಷ್ಯ ಯಾರು ಎಂದು ಅಷ್ಟು ಕಾಗದ ಹೊಲಿದ ಮೇಲೂ ನನಗೆ ಗೊತ್ತಾಗಿಲ್ಲ. ಮಗಳು ಆ ಸಂಜೆಯ ನನ್ನ ನಿರ್ಧಾರವನ್ನು ಇನ್ನೂ ಒಪ್ಪಿಲ್ಲ. ಎರಡು ಏಟಿನ ಕೆಲಸವಾಗಿತ್ತು ಎಂದು ಅವಳೂ ಅನ್ನುತ್ತಾಳೆ. ಊರಿಗೆ ಹೋಗಿಬರಲು ಅವಳಿಗೆ ವರ್ಷಕ್ಕೊಮ್ಮೆ ರಜೆ ಸಿಗುತ್ತದೆ.

ಮೊನ್ನೆ ವಸತಿಯಲ್ಲಿ ಇನ್ನೊಬ್ಬ ಹಿರಿಯರು ತೀರಿಕೊಂಡರು. ಅವರ ಮಗ ನನ್ನ ಬಳಿ ಬಂದು ಏನು ಮಾಡಬೇಕು ಎಂದು ಕೇಳಿದ. ಗಾಡಿಯವನ ನಂಬರು ಕೊಟ್ಟೆ.

ಜಾಗ ಇದೆ. ಅದರೊಳಗೆ ನಮ್ಮವರ ಒಂದು ಸಮಾಧಿಯೂ ಇಲ್ಲ.